ಕುಂಕುಮ ಇಟ್ಟು ಕಡಲಿಗೆ ಕಳಿಸಿದವಳು

ದೊಡ್ಡಕ್ಕನ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬೆಸುಗೆಯ ಬಿಸಿಗೆ ತುದಿ ಸವೆದು ನುಣ್ಣಗಾಗಿತ್ತು. ಹಾಜರಿ ಮಿಷನ್ನು ಅವಳನ್ನು ಒಪ್ಪುತ್ತಲೇ ಇರಲಿಲ್ಲ. “ಎದುರಿಗೇ ನಿಂತಿವ್ನಿ, ಬಂದಿಲ್ಲ ಅಂತೀಯಲ್ಲ” ಎಂದು ಅದನ್ನು ಬೈದು, ನಗುತ್ತಾ ಒಳಗೆ ಬರುವಳು.

ಮಧುಗಿರಿಯ ನಮ್ಮ ಶೆಡ್ಡಿನಲ್ಲಿ ತಯಾರಾಗುತ್ತಿದ್ದುದು ಲೋಟದಷ್ಟು ದಪ್ಪದ ಸೆನ್ಸಾರುಗಳು. ಹಡಗಿನವರು ಅವನ್ನು ಸಮುದ್ರಕ್ಕೆ ಎಸೆಯುತ್ತಾರೆ. ತೇಲುತ್ತಾ ನೀರಿನ ಬಿಸಿ, ಗಾಳಿಯ ತೇವ ಅಳೆದು ಹಡಗಿಗೆ ತಿಳಿಸುತ್ತವೆ. ಬ್ಯಾಟರಿ ಮುಗಿದರೆ ಅವುಗಳ ಕಥೆಯೂ ಮುಗಿಯಿತು. ಅಗ್ಗದ ಮಾಲು. ಐ.ಡಿ.ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ದೊಡ್ಡಕ್ಕ ಸಮುದ್ರ ಕಂಡವಳಲ್ಲ, ನಾನೂ ಕಂಡಿಲ್ಲ. ನನಗೆ ಬೆಸುಗೆ ಕಲಿಸಿದವಳು ಅವಳೇ. ಕೈ ನಡುಗಿದರೆ, “ಉಸ್ರು ಬುಟ್ಟು ಆಮೇಲೆ ಮುಟ್ಟು ಕಣಮ್ಮ” ಎನ್ನುವಳು. ಇವತ್ತಿಗೂ ಹಾಗೇ ಮಾಡುತ್ತೇನೆ.

ಆಯುಧಪೂಜೆಯ ದಿನ ನಾವು ಮಿಷನ್ನುಗಳಿಗೆ ಪೂಜೆ ಮಾಡುತ್ತಿದ್ದರೆ, ಅವಳು ಕಳಿಸಲು ಸಿದ್ಧವಾಗಿದ್ದ ಟ್ರೇಗಳ ಮುಂದೆ ಕೂತು ಒಂದೊಂದು ಸೆನ್ಸಾರಿಗೂ ಕುಂಕುಮ ಇಟ್ಟಳು. ನೀರಲ್ಲಿ ಅಳಿಸಿಹೋಗದಿರಲಿ ಎಂದು ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲೆಸಿದ್ದಳು. “ಮನೆ ಬುಟ್ಟು ಹೋಗೋ ಹೆಣ್ಮಕ್ಳನ್ನ ಬೋಳು ಹಣೇಲಿ ಕಳಿಸ್ತಾರಾ?” ಎಂದಾಗ ನಾವೆಲ್ಲ ನಕ್ಕೆವು. ಹಣೆಯಂತೆ ಕಂಡ ಜಾಗದಲ್ಲೇ ಗಾಳಿ ಒಳಹೋಗುವ ಸಣ್ಣ ಜಾಲರಿ ಇತ್ತು. ದಿನಾ ಅದನ್ನು ಕೂರಿಸುತ್ತಿದ್ದ ನಮಗೇ ಹೊಳೆಯಲಿಲ್ಲ.

ಕೆಲವು ವಾರಗಳ ಮೇಲೆ ಸೂಪರ್‌ವೈಸರು, ಎಸೆಯದೆ ಉಳಿದು ವಾಪಸಾದ ಒಂದನ್ನು ಮೇಜಿನ ಮೇಲಿಟ್ಟರು. ಜಾಲರಿಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು. “ಗಾಳಿ ಲೆಕ್ಕ ಎಲ್ಲಾ ತಪ್ಪು ಬಂದೈತೆ. ಇನ್ಮೇಲೆ ಮಾಲಿಗೆ ಪೂಜೆ ಬೇಡ” ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

“ಮಿಕ್ಕಿದ್ವು?” ಎಂದಳು ದೊಡ್ಡಕ್ಕ.

“ಎಸ್ದಾಯ್ತಲ್ಲಮ್ಮ.”

“ಅಯ್ಯೋ ಶಿವನೆ. ಅದನ್ನ ನಂಬ್ಕಂಡು ಯಾವ್ದಾರ ಹಡಗು ಬಿರುಗಾಳಿಗೆ ಸಿಕ್ಕಿದ್ರೆ? ನೀರಿಗೆ ಬಿದ್ಮೇಲೆ ಹೆಂಗೆ ಒರ್ಸೋದು?”

ಅವುಗಳಿಂದ ಯಾವ ಹಡಗಿಗಾದರೂ ತೊಂದರೆಯಾಯಿತೇ ಎಂದು ಅವಳಿಗಾಗಿ ನಾನು ಕೇಳದವರಿಲ್ಲ. ಸೂಪರ್‌ವೈಸರು ಮೇಲಿನವರನ್ನು ಕೇಳಿದರು. ಯಾವುದು ಎಲ್ಲಿ ಬಿತ್ತೋ ಗೊತ್ತಿಲ್ಲ ಎಂದು ಅವರು ಕೈ ಚೆಲ್ಲಿದರು. ಬಿಸಾಡುವ ಮಾಲಿನ ಜಾಡು ಯಾರು ಹಿಡಿಯುತ್ತಾರೆ? ದೊಡ್ಡಕ್ಕ ಮಾತ್ರ ಬಸ್ಸಿಳಿದ ತಕ್ಷಣ, “ಏನಾರ ಗೊತ್ತಾಯ್ತೇನಮ್ಮ?” ಎನ್ನುವಳು. ಟೀವಿಯಲ್ಲಿ ಹಡಗು ಮುಳುಗಿದ ಸುದ್ದಿ ಬಂದರೆ ಊಟ ಬಿಡುವಳು. ಬೈದೆ, ಸಮಾಧಾನ ಹೇಳಿದೆ, ಯಾವುದೂ ನಾಟಲಿಲ್ಲ. ನನಗೆ ಅಳು ಬರುತ್ತಿತ್ತು.

ಹೋದ ವರ್ಷ ಕಾಮಾಲೆ ಬಲಿತು ತುಮಕೂರಿನ ಆಸ್ಪತ್ರೆ ಸೇರಿದಳು. ನಾನು ಹೋಗಿ ಕಿವಿಯ ಹತ್ತಿರ ಬಾಗಿ, “ಯಾವ ಹಡಗಿಗೂ ಏನೂ ಆಗಿಲ್ವಂತೆ ಅಕ್ಕ” ಎಂದೆ. ಅವಳ ಮುಖ ಅರಳಿತು.

“ಯಾರಮ್ಮ ಅಂದಿದ್ದು?”

ನಾನು ಕಣ್ಣು ತಪ್ಪಿಸಿ ಅವಳ ಹೊದಿಕೆ ಸರಿಮಾಡತೊಡಗಿದೆ. ಅವಳು ನನ್ನ ಕೈ ತಟ್ಟಿ, “ಇರ್ಲಿ ಬುಡು” ಎಂದಳು. ಮಾರನೆಯ ಬೆಳಿಗ್ಗೆ ತೀರಿಕೊಂಡಳು. ನಾನು ಈಗಲೂ ಕೇಳುತ್ತಿದ್ದೇನೆ. ಯಾರಿಗೂ ಗೊತ್ತಿಲ್ಲ.