ಸಮುದ್ರಕ್ಕೆ ಮುಖ ಮಾಡಿದ ಬಾಗಿಲು

ನನ್ನ ಪರ್ಸಿನಲ್ಲಿ ಸದಾ ನಾಲ್ಕೈದು ಸೀಮೆಸುಣ್ಣದ ಚೂರುಗಳಿರುತ್ತವೆ. ಹಬ್ಬುವಾಡದ ಮನೆಗೆ ಬಸ್ಸು ಹತ್ತಿ ಚಿಲ್ಲರೆಗೆಂದು ಕೈ ಹಾಕಿದರೆ ಬೆರಳಿಗೆ ಬಿಳಿ ಹಿಟ್ಟು. ಕಂಡಕ್ಟರನ ಕೈ ಸೇರುವ ನಾಣ್ಯವೂ ವಿಭೂತಿ ಹಚ್ಚಿಕೊಂಡೇ ಹೋಗುತ್ತದೆ. ಶಾಲೆಯ ಹೆಡ್‌ಮಿಸ್ ಎಂದಮೇಲೆ ಇದ್ದದ್ದೇ ಎಂದು ನೀವು ನಗಬಹುದು. ಆದರೆ ಇವು ಬರೆದು ಉಳಿದ ಚೂರುಗಳಲ್ಲ ಮಾರಾಯರೆ, ಬಾಗಿಲಿನಿಂದ ಹೆಕ್ಕಿದವು.

ಕಾರವಾರದ ಕಡಲಂಚಿನ ಕೇರಿಯೊಂದರಲ್ಲಿ ನಮ್ಮ ಪ್ರಾಥಮಿಕ ಶಾಲೆ. ಸರಕಾರದ ಪಟ್ಟಿಗೆ ಸೇರುವ ಮೊದಲು ಅದು ಕೇರಿಯದೇ ಶಾಲೆ. ಮೀನು ಹಿಡಿಯುವ ಮನೆಗಳವರು ಕೆಂಪುಕಲ್ಲು ಹೊತ್ತು, ಹಂಚು ಹೊದೆಸಿ ಎಬ್ಬಿಸಿದ ಒಂದೇ ಒಂದು ಉದ್ದನೆಯ ಕೋಣೆ. ಬಾಗಿಲಿಗೆ ಹಾಕಿದ್ದು ಹಳೆಯ ದೋಣಿಯೊಂದರ ಹಲಗೆಗಳು. ಹಿಂದೆ ದೋಣಿಗೆ ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿಯುತ್ತಿದ್ದರಲ್ಲ, ಆ ಹೊಲಿಗೆಯ ತೂತುಗಳು ಹಲಗೆಯಂಚಿನಲ್ಲಿ ಸಾಲಾಗಿ ಹಾಗೆಯೇ ಉಳಿದಿದ್ದವು. ಮಕ್ಕಳಿಗೆ ತೂತು ಕಂಡರೆ ತುಂಬದೆ ಸಮಾಧಾನವಿಲ್ಲ; ತಲೆಮಾರಿನಿಂದ ತಲೆಮಾರಿಗೆ ಅವುಗಳೊಳಗೆ ಸೀಮೆಸುಣ್ಣ ತುರುಕುತ್ತಲೇ ಬಂದಿದ್ದೇವೆ. ನಾನೂ ತುರುಕಿದ್ದೇನೆ, ಸುಳ್ಳೇಕೆ ಹೇಳಲಿ.

ವಿಚಿತ್ರವೆಂದರೆ ಆ ಬಾಗಿಲು ರಸ್ತೆಗೆ ಬೆನ್ನು ಹಾಕಿ ನೆಟ್ಟಗೆ ಸಮುದ್ರವನ್ನೇ ನೋಡುತ್ತಿತ್ತು. ಮಳೆಗಾಲದಲ್ಲಿ ಪಡುವಣ ಗಾಳಿ ಎರಚಲನ್ನು ಕರಿಹಲಗೆಯ ತನಕ ತಂದು ಸುರಿಯುತ್ತಿದ್ದುದರಿಂದ ಮೂರು ತಿಂಗಳು ಬಾಗಿಲಿಗೆ ಅಗುಳಿ. ನಮ್ಮ ಓಡಾಟವೆಲ್ಲ ರಸ್ತೆ ಕಡೆಯ ಸರಳಿಲ್ಲದ ಕಿಟಕಿಯಿಂದ. ಪಾಟಿಚೀಲ ಮೊದಲು, ನಾವು ಆಮೇಲೆ, ಕಚ್ಚೆ ಬಿಗಿಹಿಡಿದ ಮಾಸ್ತರರು ಕೊನೆಗೆ. ಒಮ್ಮೆ ತಪಾಸಣೆಗೆ ಬಂದ ಸಾಹೇಬರೂ ಹಾಗೆಯೇ ಇಳಿದರು. ಷರಾ ಬರೆಯುವಾಗ ಮಾತ್ರ ಆ ಸಂಗತಿಯನ್ನು ನುಂಗಿಕೊಂಡರಂತೆ. ದೋಣಿ ಕಟ್ಟುವವನ ಕೈಗೆ ಶಾಲೆಯ ಬಾಗಿಲು ಕೊಟ್ಟರೆ ಇನ್ನೇನಾಗುತ್ತದೆ ಎಂದು ಇಡೀ ಪೇಟೆ ನಗುತ್ತಿತ್ತು. ಮುಂದೆ ಸರಕಾರ ಕಟ್ಟಿಸಿದ ಎರಡು ಕೋಣೆಗಳು ಶಿಸ್ತಾಗಿ ರಸ್ತೆಗೆ ಮುಖ ಮಾಡಿದಾಗ, ಹಳೆಯ ಕೋಣೆ ಮನೆಯವರೊಡನೆ ಮುನಿಸಿಕೊಂಡು ಆಚೆ ತಿರುಗಿ ಕೂತ ಅಜ್ಜನಂತೆ ಕಂಡಿತು.

ಕೆಲ ವರ್ಷಗಳ ಹಿಂದೆ ಆ ಕೋಣೆಯನ್ನು ಕೆಡವಿ ಹೊಸದು ಕಟ್ಟುವ ಆದೇಶ ಬಂತು. ಸೋರುವ ಮಾಡಿನ ಕೆಳಗೆ ಬಾಲ್ದಿ ಇಟ್ಟು ಇಟ್ಟು ಬೇಸತ್ತಿದ್ದ ನನಗೆ ಹಬ್ಬವೇ ಬಂದಂತಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ ಹೊಸ ಗೋಡೆಯ ಬಣ್ಣವನ್ನೂ ಆರಿಸಿಟ್ಟೆ. ಹರಾಜಿಗೆ ಹೋಗಬೇಕಾದ ಹಳೆಯ ಸಾಮಾನಿನ ಪಟ್ಟಿಯಲ್ಲಿ ‘ಬಾಗಿಲು ಒಂದು, ನಿರುಪಯುಕ್ತ’ ಎಂದು ನನ್ನದೇ ದುಂಡನೆಯ ಅಕ್ಷರದಲ್ಲಿ ಬರೆದೆ.

ಮೀನು ಮಾರುವ ಶೇವಂತಿಯಕ್ಕನಿಗೆ ಈ ಸುದ್ದಿ ಹೇಗೆ ತಲುಪಿತೋ. ದಡದಿಂದ ಪೇಟೆಗೆ ಹೋಗುವಾಗ ದಿನವೂ ಆ ಬಾಗಿಲನ್ನು ಮುಟ್ಟಿ ಹೋಗುವವಳು ಅವಳು. ವ್ಯಾಪಾರ ಕುದುರಲೆಂದು ಮುಟ್ಟುತ್ತಾಳೆಂದೇ ನಾನು ತಿಳಿದಿದ್ದೆ, ಹಾಗೆಂದು ಛೇಡಿಸಿಯೂ ಇದ್ದೆ. ಅಂದು ತಲೆಯ ಮೇಲಿನ ಬುಟ್ಟಿ ಇಳಿಸಿ, ಹೊಸ್ತಿಲಾಚೆಯೇ ನಿಂತು ಅವಳು ಎಲ್ಲ ಹೇಳಿದಳು. ಅವಳು ಚಿಕ್ಕವಳಿದ್ದಾಗ ಅವಳಣ್ಣ ಹೋದ ದೋಣಿ ಹಾರವಾಡದ ದಡಕ್ಕೆ ಬರಿದಾಗಿ ಬಂದು ಬಿತ್ತಂತೆ, ಅಣ್ಣ ಬರಲಿಲ್ಲ. ದೋಣಿ ಕಟ್ಟುವ ಕಸುಬಿನ ಅಪ್ಪ ಅದನ್ನು ಮತ್ತೆ ನೀರಿಗಿಳಿಸಲಿಲ್ಲ, ಒಲೆಗೂ ಹಾಕಲಿಲ್ಲ. ಶಾಲೆ ಕಟ್ಟುತ್ತಿದ್ದ ದಿನಗಳವು; ಬಾಗಿಲು ಮಾಡಿ ಕೊಟ್ಟು, ತಾನೇ ನಿಂತು ಕೂರಿಸಿದ.

“ಅಪ್ಪ ದಿಕ್ಕು ತಪ್ಪಿದ್ದಲ್ಲ ಅಕ್ಕೋರೆ. ಅಣ್ಣ ಬಂದ್ರೆ ಅವನ ದೋಣಿ ಅವನಿಗೆ ಎದುರಿಗೇ ಕಾಣ್ಬೇಕು ಹೇಳಿ ಹಾಗೆ ಇಟ್ಟದ್ದು.”

ಎಷ್ಟು ವರ್ಷ ನಕ್ಕಿದ್ದೆವು ನಾವು! ಅವಳಪ್ಪ ಸತ್ತ ಮೇಲೂ ಬಾಗಿಲು ಅವನ ಮಗನನ್ನು ಕಾಯುವ ಕೆಲಸ ಬಿಟ್ಟಿರಲಿಲ್ಲ. ನಾನು ಮಾತ್ರ ಒಂದು ಗೆರೆಯಲ್ಲಿ ಅದನ್ನು ಮುಗಿಸಹೊರಟಿದ್ದೆ. ಪಟ್ಟಿಯ ಆ ಸಾಲನ್ನು ಅಂದೇ ಹೊಡೆದುಹಾಕಿದೆ. ಶಾಲಾ ಸಮಿತಿಯವರು ಬಾಗಿಲನ್ನು ಅದೇ ದಿಕ್ಕಿಗೆ ಇಡಬೇಕೆಂದು ಠರಾವು ಮಾಡಿದರು, ನಾನು ಕಚೇರಿಯಿಂದ ಕಚೇರಿಗೆ ಅಲೆದೆ. ಮಳೆ ಒಳಗೆ ಬರುತ್ತದೆ ಮೇಡಂ ಎಂದು ಇಂಜಿನಿಯರು ಪಾಪ ನಕ್ಷೆ ಹಿಡಿದು ತಿಳಿಹೇಳಿದರು. ಗೊತ್ತು, ಅದರಲ್ಲೇ ಕಲಿತವಳು ನಾನು ಎಂದೆ. ಕೊನೆಗೆ ಹೊಸ ಕೋಣೆಗೆ ರಸ್ತೆಯ ಕಡೆ ಒಂದು ಕಬ್ಬಿಣದ ಬಾಗಿಲು, ಕಡಲ ಕಡೆ ಇದು.

ಹಳೆಯ ಬಾಗಿಲನ್ನು ಕೂರಿಸುವ ಮೊದಲು ಬಡಿಗ ತೂತುಗಳಲ್ಲಿ ಗಟ್ಟಿಯಾಗಿ ಕೂತಿದ್ದ ಸೀಮೆಸುಣ್ಣವನ್ನೆಲ್ಲ ಕೆದಕಿ ತೆಗೆದ. ಮೊದಲ ಪಡುವಣ ಗಾಳಿ ಬೀಸಿದ ಮಧ್ಯಾಹ್ನ, ಮಗ್ಗಿ ಒಪ್ಪಿಸುತ್ತಿದ್ದ ಮಕ್ಕಳು ಥಟ್ಟನೆ ಸುಮ್ಮನಾದರು. ಅಗುಳಿ ಹಾಕಿದ ಬಾಗಿಲು ಸಣ್ಣಗೆ, ಮುಚ್ಚಿದ ಬಾಯಿಂದ ಯಾರೋ ರಾಗ ಎಳೆದಂತೆ ಗುನುಗುತ್ತಿತ್ತು. ಅಷ್ಟು ವರ್ಷ ನಮ್ಮ ತುಂಟತನವೇ ಅದರ ಉಸಿರು ಕಟ್ಟಿಸಿತ್ತು. ಕಿಟಕಿಯಿಂದ ಇಣುಕಿದರೆ, ಕಡಲ ಕಡೆ ಮಳೆಯಲ್ಲಿ ಬುಟ್ಟಿ ಹೊತ್ತು ನಿಂತಿದ್ದಳು ಶೇವಂತಿಯಕ್ಕ. ರಸ್ತೆ ಕಡೆಯಿಂದ ಬಾ ಎಂದು ಕೂಗಿದೆ. ಎಂದೂ ಶಾಲೆಯ ಮೆಟ್ಟಿಲು ಹತ್ತದವಳು ತಲೆಯಲ್ಲಾಡಿಸಿದಳು.

“ಇದನ್ನೇ ತೆಗೀರಿ ಅಕ್ಕೋರೆ, ಅಣ್ಣನ ಬಾಗಿಲಿಂದ ಬತ್ತೆ.”

ತೆಗೆದೆ. ಎರಚಲು ಕರಿಹಲಗೆಯ ತನಕ ಬಂತು, ಅರ್ಧ ಬರೆದಿದ್ದ ಮಗ್ಗಿ ಕರಗಿ ಇಳಿಯಿತು. ಅವಳು ಒದ್ದೆಯಾಗಿಯೇ ಒಳಬಂದು, ಒಂದನೆಯ ಇಯತ್ತೆಯ ಮಕ್ಕಳ ಸಾಲಿನಲ್ಲಿ ಕಾಲು ಮಡಚಿ ಕೂತಳು.

ಮಕ್ಕಳು ಈಗಲೂ ಚೂರು ತುರುಕುತ್ತಾರೆ, ನಾನು ಬೈಯುವುದಿಲ್ಲ. ಸಂಜೆ ಬೀಗ ಹಾಕುವ ಮೊದಲು ಒಂದೊಂದನ್ನೇ ಹೆಕ್ಕಿ ಪರ್ಸಿಗೆ ಹಾಕಿಕೊಳ್ಳುತ್ತೇನೆ, ರಾತ್ರಿ ಗಾಳಿ ಬಂದರೆ ಬಾಗಿಲು ಮೂಕವಾಗಿರಬಾರದಲ್ಲ.