ಬರಿಗೈಯಲ್ಲಿ ಹಿಮ ನೋಡುವ ಬೋಜಣ್ಣ

ಶುಕ್ರವಾರ ಬೆಳಗಿನ ಐದೂವರೆ. ಹೊರಗೆ ಮಸ್ಕತ್ ಆಗಲೇ ಮೂವತ್ತನಾಲ್ಕು ಡಿಗ್ರಿಯಲ್ಲಿ ಬೇಯುತ್ತಿದೆ. ಮಾಲ್ ಒಂದರ ಒಳಗಿನ ಹಿಮದ ಅಂಗಳದಲ್ಲಿ ಮಾತ್ರ ಮೈನಸ್ ನಾಲ್ಕು. ಅಲ್ಲಿ ಬೋಜಣ್ಣ ಮಂಡಿಯೂರಿ, ಬಲಗೈಯ ಗ್ಲೌಸ್ ಕಳಚಿ, ಬರಿ ಅಂಗೈಯನ್ನು ಇಳಿಜಾರಿಗೆ ಒತ್ತುತ್ತಾರೆ. ಒಂದು ಹೆಜ್ಜೆ ಸರಿದು ಮತ್ತೆ ಒತ್ತುತ್ತಾರೆ.

ಸ್ಕೀಯಿಂಗ್‌ಗೆ ಇಲ್ಲಿ ಮೂರು ಇಳಿಜಾರು: ಮಕ್ಕಳದ್ದು, ಕಲಿಯುವವರದ್ದು, ಪಳಗಿದವರದ್ದು. ಗುರುವಾರ ರಾತ್ರಿ ಬಣ್ಣದ ದೀಪ, ಡಿಜೆ, ಕುಣಿತ. ಜನರ ತುಳಿತಕ್ಕೆ, ಚೆಲ್ಲಿದ ಜ್ಯೂಸಿಗೆ ಕರಗಿದ ಹಿಮ ಬೆಳಗಾಗುವಷ್ಟರಲ್ಲಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಮೇಲೆ ಹೊಸ ಹಿಮದ ಪುಡಿ ಬಿದ್ದರಂತೂ ಕಣ್ಣಿಗೆ ಕಾಣುವುದೇ ಇಲ್ಲ, ಕಾಲಿಟ್ಟವರು ಜಾರಿ ಬೀಳುತ್ತಾರೆ. ಅದನ್ನು ಹುಡುಕಿ ಕೆತ್ತಿ ತೆಗೆಯುವುದು ಬೋಜಣ್ಣನ ಕೆಲಸ. ದಿನಕ್ಕೆ ನಾಲ್ಕು ಗಂಟೆ, ಸಾವಿರಕ್ಕೂ ಹೆಚ್ಚು ಸಲ ಕೈ ಇಡಬೇಕು.

"ಗ್ಲೌಸಿಗೆ ಎಂತ ಗೊತ್ತಾಗ್ತದೆ ಮಾರಾಯ್ರೆ? ಮಲ್ಪೆಯ ಐಸ್ ಪ್ಲಾಂಟಲ್ಲಿ ಹದಿನೆಂಟು ವರ್ಷ ಬರಿಗೈಯಲ್ಲೇ ನೋಡಿದ್ದು ನಾನು," ಎನ್ನುತ್ತಾರೆ.

ಆ ಅಭ್ಯಾಸವೇ ಮುಳುವಾಯಿತು. ಮಲ್ಪೆಯಲ್ಲಿ ಮಂಜುಗಡ್ಡೆ ಮುಟ್ಟಿ ಹೊರಬಂದರೆ ಬಿಸಿಲಿತ್ತು. ಇಲ್ಲಿ ಬಿಸಿಲು ನಾಲ್ಕು ಬಾಗಿಲಿನಾಚೆ. ಆರು ವರ್ಷದಲ್ಲಿ ಎರಡು ಬೆರಳು ಸತ್ತಂತಾಗಿವೆ, ಈಗ ಅಂಗೈಯೂ ಮರಗಟ್ಟುತ್ತಿದೆ. ಮಸ್ಕತ್‌ನಂಚಿನ ಅಲ್ ಮಬೇಲಾದಲ್ಲಿ ಅವರಿರುವ ಕೋಣೆಯಲ್ಲಿ ದಿನಾ ಅವರ ಅಂಗಿಯ ಗುಂಡಿ ಹಾಕಿಕೊಡುವುದು ಜೊತೆಗಾರ ಅಫ್ರಾಜ್.

"ಇನ್ನು ಮುಟ್ಟಿದ್ರೆ ಬೆರಳು ಖಲಾಸ್, ಕತ್ತರಿಸ್ಬೇಕು ಅಂದಿದ್ದಾರೆ ಡಾಕ್ಟ್ರು," ಎಂದರು ಬೋಜಣ್ಣ.

ಕೋಲಿನಿಂದ ತಟ್ಟಿ ನೋಡಬಾರದೇ ಎಂದೆ.

"ಒಂದು ದಿನ ನೋಡಿದೆ. ಅವತ್ತೇ ಒಂದು ಸಣ್ಣ ಹುಡುಗಿ ಜಾರಿ ಕೈ ಮುರ್ಕೊಂಡಳು. ಅವಳು ಕೂಗಿದ್ದು ಈಗ್ಲೂ ಕಿವಿಯಲ್ಲಿ ಉಂಟು. ಮತ್ತೆ ಕೋಲು ಹಿಡಿಲಿಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಬರುವ ತಿಂಗಳು ವರ್ಷದ ಮೆಡಿಕಲ್ ತಪಾಸಣೆ ಇದೆ. ಕೈ ಕಂಡರೆ ಕೆಲಸ, ವೀಸಾ ಎರಡೂ ಹೋಗುತ್ತವೆ ಎಂಬ ಭಯ ಅವರದು. ಅದಕ್ಕೇ ಇಲ್ಲಿ ಯಾರ ನಿಜವಾದ ಹೆಸರೂ ಬರೆದಿಲ್ಲ.

ಊರಲ್ಲಿ ಮಗಳು ನಿಶ್ಮಿತಾ ಒಂಬತ್ತು ತಿಂಗಳ ಬಸುರಿ. ಏನಾಸೆ ಎಂದು ಕೇಳಿದರೆ ಬೋಜಣ್ಣ ಕೈ ನೋಡಿಕೊಳ್ಳುತ್ತಾರೆ. "ಮಗುವನ್ನು ಎತ್ತುವಾಗ ಅದರ ಬಿಸಿ ಈ ಕೈಗೆ ಗೊತ್ತಾಗ್ಬೇಕು. ಅಷ್ಟು ಸಾಕು."

ಹತ್ತಕ್ಕೆ ಬಾಗಿಲು ತೆರೆಯುತ್ತದೆ. ಮಕ್ಕಳ ಇಳಿಜಾರು ಇನ್ನೂ ಬಾಕಿ. ಬೋಜಣ್ಣ ಒಂದು ಕಡೆ ಕೈ ಒತ್ತಿ, ತೆಗೆದು, ಮತ್ತೆ ಒತ್ತುತ್ತಾರೆ. ಇಲ್ಲವೆಂಬಂತೆ ತಲೆಯಾಡಿಸಿ ಟೋಪಿ ಸರಿಸುತ್ತಾರೆ. ಆಮೇಲೆ ಪೂರ್ತಿ ಬಾಗಿ, ಎಡಗೆನ್ನೆಯನ್ನು ಹಿಮಕ್ಕಿಟ್ಟು ಕಣ್ಣು ಮುಚ್ಚುತ್ತಾರೆ.

"ಇಲ್ಲಿ ಗಟ್ಟಿ ಉಂಟು," ಎಂದು ಉಳಿಗೆ ಕೈ ಚಾಚುತ್ತಾರೆ. "ಕೆನ್ನೆಗೆ ಇನ್ನೂ ಗೊತ್ತಾಗ್ತದೆ."