ಶಿವರಾಮ ಕೊಂಡ ಹತ್ತು ವರ್ಷದ ವಿನೆಗರ್

ಬಿಳೇಕಹಳ್ಳಿಯಲ್ಲಿ ಅಪ್ಪ ಸೊಪ್ಪು ಬೆಳೆಯುತ್ತಿದ್ದ ನೆಲದ ಮೇಲೆ ಈಗ ಶಿವರಾಮನ ಪಿ.ಜಿ. ನಿಂತಿದೆ. ಬಾಡಿಗೆ ಕೂತಲ್ಲಿಗೇ ಬರುತ್ತದೆ. ಅವನಿಗೆ ಉಳಿದಿರುವ ಕೆಲಸವೆಂದರೆ ಮೀಸೆ ತಿರುವುವುದು, ಬಡಾಯಿ ಕೊಚ್ಚುವುದು.

ಮಗಳು ಮೇಘಶ್ರೀಯ ಸಂಬಂಧ ಮಾತಾಡಲು ಜಯನಗರಕ್ಕೆ ಹೋದಾಗಲೂ ಅದೇ ಆಯಿತು. ಬೀಗಿತ್ತಿಯಾಗಲಿದ್ದ ಶಾಂತಲಾ ಸೌತೆಕಾಯಿ ಹೋಳಿನ ಮೇಲೆ ಕಪ್ಪನೆಯ ಹುಳಿ ಚಿಮುಕಿಸಿ ಕೊಟ್ಟರು. “ಬಾಲ್ಸಮಿಕ್ ವಿನೆಗರ್. ದ್ರಾಕ್ಷಿ ರಸ ಕಾಯಿಸಿ ಮರದ ಪೀಪಾಯೀಲಿ ವರ್ಷಗಟ್ಟಲೆ ಇಡ್ತಾರಂತೆ.”

ಆ ಹೆಸರನ್ನು ಅಂದೇ ಮೊದಲು ಕೇಳಿದ್ದ ಶಿವರಾಮ, “ಗೊತ್ತು ಬಿಡಿ ಅಮ್ಮ. ನಮ್ಮನೇಲಿ ಹತ್ತು ವರ್ಷದ್ದಿದೆ. ಭಾನುವಾರ ಊಟಕ್ಕೆ ಬನ್ನಿ, ತೋರಿಸ್ತೀನಿ” ಎಂದುಬಿಟ್ಟ.

ಈಗ ಸೀಸೆ ಇಲ್ಲದಿದ್ದರೆ ಬೀಗರ ಮುಂದೆ ಸುಳ್ಳುಗಾರನಾಗಬೇಕು. ಶನಿವಾರ ಸಂಜೆ ಜೆ.ಪಿ. ನಗರದ ದೊಡ್ಡ ಅಂಗಡಿಗೆ ಓಡಿದ. ಅಲ್ಲಿನ ಹುಡುಗಿ ಮೈತ್ರಿ ಒಂದು ಸೀಸೆ ತೆಗೆದಳು.

“ಇದು ತಗೊಳ್ಳಿ ಸಾರ್. ಲೇಬಲ್ಲಲ್ಲಿ ದ್ರಾಕ್ಷಿ ರಸಾನೇ ಮೊದಲು ಬರ್ದಿದೆ, ಬಣ್ಣ ಹಾಕಿಲ್ಲ. ಇವತ್ತು ಆಫರಲ್ಲೂ ಇದೆ.”

ಆಫರ್ ಎಂದದ್ದೇ ತಡ, ಶಿವರಾಮನ ಹುಬ್ಬು ಗಂಟಾಯಿತು. ಸೈಟು ವ್ಯಾಪಾರದಲ್ಲಿ ಪಳಗಿದವನಲ್ಲವೇ! ಕೇಳುವ ಮೊದಲೇ ಬೆಲೆ ಇಳಿಸಿದರೆ ಜಾಗಕ್ಕೆ ತಕರಾರಿದೆ ಎಂದೇ ಅವನ ನಂಬಿಕೆ.

ಪಕ್ಕದಲ್ಲಿದ್ದ ಇನ್ನೊಂದು ಸೀಸೆಯತ್ತ ಕೈ ತೋರಿದ. “ಆ ಮರದ ಡಬ್ಬೀಲಿರೋದ್ರಲ್ಲಿ ಎಷ್ಟು ಬಿಡ್ತೀಯಮ್ಮ?”

“ಅದ್ರಲ್ಲಿ ಏನೂ ಬಿಡಲ್ಲ ಸಾರ್. ಆದ್ರೆ ಅದು ಸಾಸ್ ಥರ. ಸಕ್ಕರೆ ಹಾಕಿ ಗಟ್ಟಿ ಮಾಡಿರೋದು.”

“ಬಿಡಲ್ಲ ಅಂದ್ಯಲ್ಲ, ಅದೇ ಅಸಲಿ. ಕಟ್ಟು.”

ಮನೆಗೆ ಬಂದವನೇ ಹೆಂಡತಿ ಕಲ್ಯಾಣಿಯ ಮುಂದೆ ಸೀಸೆ ಅಲುಗಿಸಿದ. “ನೋಡೇ, ಹೆಂಗ್ ಗಟ್ಟಿಯಾಗಿದೆ!”

“ಜೋನಿಬೆಲ್ಲಾನೂ ಗಟ್ಟಿಯಾಗೇ ಇರತ್ತೆ,” ಎಂದಳು ಅವಳು, ಒಲೆಯಿಂದ ಮುಖ ತಿರುಗಿಸದೆ.

ಭಾನುವಾರ ಬೀಗರು ಬಂದು ಎಲೆ ಮುಂದೆ ಕೂತರು. ಶಿವರಾಮ ಸೌತೆಕಾಯಿಯ ಮೇಲೆ ತಾನೇ ಧಾರಾಳವಾಗಿ ಸುರಿದ. ಶಾಂತಲಾ ಒಂದು ಹೋಳು ಬಾಯಿಗಿಟ್ಟುಕೊಂಡರು.

“ಸಕ್ಕರೆ ಪಾಕದ ಥರ ಇದೆಯಲ್ಲ, ಶಿವರಾಮಣ್ಣ?”

ಶಿವರಾಮನ ಮುಖ ಕೆಂಪೇರಿತು. “ಪಾಕನಾ? ನಿನ್ನೆ ಸಂಜೆ ಆ ಅಂಗಡಿ ಹುಡುಗಿ ನನ್ನ ತಲೆಗೆ ಕಟ್ಟಿದ್ಳು ಕಣ್ರಮ್ಮ! ನಾಳೇನೇ ಹೋಗಿ ವಿಚಾರಿಸ್ಕೋತೀನಿ!”

“ನಿನ್ನೆ ಸಂಜೆನಾ?” ಎಂದರು ಶಾಂತಲಾ. “ಹತ್ತು ವರ್ಷದ್ದು ಅಂದಿದ್ರಿ?”

ಅವರ ಗಂಡ ನಗು ತಡೆಯಲಾರದೆ ಕೆಮ್ಮಿದರು. ಮೇಘಶ್ರೀ ನೀರು ತರುವ ನೆಪದಲ್ಲಿ ಒಳಗೆ ಹೋದಳು.

ಹುಡುಗ ಹುಡುಗಿ ಒಪ್ಪಿದ್ದರಿಂದ ಸಂಬಂಧವೇನೋ ಮುರಿಯಲಿಲ್ಲ. ಆದರೆ ಅಂದಿನಿಂದ ಮದುವೆ ಮಾತುಕತೆಯಲ್ಲಿ ಶಿವರಾಮ ಏನೇ ಹೇಳಲಿ, ಬೀಗರು ಕಲ್ಯಾಣಿಯ ಕಡೆ ತಿರುಗಿ, “ಹೌದೇನಮ್ಮ?” ಎಂದು ಕೇಳಿಕೊಂಡೇ ಮುಂದುವರಿಯುತ್ತಾರೆ.